ಗಣಕದ ತೆರೆಮರೆಯ ಸೇವಕರು

ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ನನ್ನ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಅಚ್ಚಿನ ಸಣ್ಣ ಅಕ್ಷರ ಅವರ ಕಣ್ಣಿಗೆ ನಿಲುಕದಂತಾಗಿ ಬಹಳ ಕಾಲವಾಯಿತು. ಆದುದರಿಂದ ಊರಿನ ಸುದ್ದಿಯನ್ನೂ ಮೊಮ್ಮಕ್ಕಳ ಪತ್ರಗಳನ್ನೂ ಅವರು ಓದುವುದು ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅದರಲ್ಲಿದ್ದುದು ಲಿನಕ್ಸ್ ವ್ಯವಸ್ಥೆ; ಅದರ ಮೇಲೆ ಕಣ್ಣಿಗೆ ಕಾಣುವ ಅಂಗಳವಾಗಿ ಗ್ನೋಮ್ ಎಂಬ ಡೆಸ್ಕ್‌ಟಾಪ್. ಅಕ್ಷರಗಳನ್ನು ದಪ್ಪನಾಗಿ ಮಾಡಿಕೊಟ್ಟಿದ್ದೆ.

ಯಂತ್ರ ನಿಧಾನವಾಯಿತೆಂದು ಒಂದು ಭಾನುವಾರ ಗ್ನೋಮನ್ನು ಪಕ್ಕಕ್ಕಿಟ್ಟೆ. ಕಿಟಕಿಗಳನ್ನು ತೆರೆಯುವ, ಮುಚ್ಚುವ ಕೆಲಸವನ್ನಷ್ಟೆ ಮಾಡುವ ಹಗುರವಾದ ಇನ್ನೊಂದು ಏರ್ಪಾಡನ್ನು ಹಾಕಿದೆ. ಹಿಂದೆ ಸುಮ್ಮನೆ ಕುಳಿತ ಹತ್ತಾರು ಸೇವಕರಿಗೆ ಊಟ ಹಾಕುವುದೇಕೆ ಎಂಬುದು ನನ್ನ ಲೆಕ್ಕ. ಯಂತ್ರವೇನೋ ಚುರುಕಾಯಿತು. ನಾಲ್ಕು ದಿನ ಕಳೆದ ಮೇಲೆ ತಾಯಿಯವರು ಮೆಲ್ಲಗೆ ಹೇಳಿದರು: “ಕಣ್ಣಿನ ಡಾಕ್ಟರನ್ನು ಮತ್ತೆ ನೋಡಬೇಕೋ ಏನೋ. ಅಕ್ಷರವೇ ಕಾಣುತ್ತಿಲ್ಲ.” ಅವರ ಕಣ್ಣು ಕೆಟ್ಟಿರಲಿಲ್ಲ; ಕೆಡಿಸಿದವನು ನಾನು.

ಹಾಗಾದುದು ಹೇಗೆ ಎಂಬುದನ್ನು ತಿಳಿಯಲು ಹಿಂದಿನ ಕಾಲದ ಹಳ್ಳಿಯೊಂದನ್ನು ನೆನೆದುಕೊಳ್ಳಿ. ಶಾನುಭೋಗರ ಮನೆಯಲ್ಲಿ ಖಿರ್ದಿ ಪುಸ್ತಕ. ಊರಿನ ನಿರ್ಣಯಗಳೆಲ್ಲ ಅದರಲ್ಲಿ ದಾಖಲು. ಆದರೆ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಊರಿಗೆ ತಿಳಿದಂತಾಯಿತೆ? ಇಲ್ಲ. ತಳವಾರನು ಡಂಗುರ ಹೊಯ್ದು ಸಾರಬೇಕು. ಆಗಲೇ ಮನೆಮನೆಗೂ ತಿಳಿಯುವುದು.

ಗ್ನೋಮಿನಲ್ಲಿ ಈ ಖಿರ್ದಿಗೆ ಡಿಕಾನ್ಫ್ ಎಂದು ಹೆಸರು. ಅಕ್ಷರದ ಗಾತ್ರ, ಪರದೆಯ ಬಣ್ಣ, ಇಲಿಯ ವೇಗ, ಕನ್ನಡ ಕೀಲಿಮಣೆಯ ಆಯ್ಕೆ, ಹೀಗೆ ನೀವು ಮಾಡಿಕೊಂಡ ಏರ್ಪಾಡುಗಳೆಲ್ಲ ಒಂದೇ ಪುಟ್ಟ ಕಡತದಲ್ಲಿ ಕೂಡಿರುತ್ತವೆ. 2002ರಲ್ಲಿ ಬಂದ ಗ್ನೋಮಿನ ಎರಡನೆಯ ಆವೃತ್ತಿಯಲ್ಲಿ ಈ ಕೆಲಸ ಜಿಕಾನ್ಫ್ ಎಂಬುದರದಾಗಿತ್ತು. 2011ರ ಮೂರನೆಯ ಆವೃತ್ತಿಯಿಂದೀಚೆಗೆ ಡಿಕಾನ್ಫಿನದು. ಇದರಲ್ಲಿ ಒಂದು ಜಾಣತನವಿದೆ. ಪುಸ್ತಕವನ್ನು ಯಾರು ಬೇಕಾದರೂ ನೇರವಾಗಿ ಓದಬಹುದು. ಬರೆಯುವವನು ಮಾತ್ರ ಒಬ್ಬನೆ. ಹತ್ತು ಕೈ ಒಟ್ಟಿಗೆ ಬರೆದು ಲೆಕ್ಕ ಕೆಡುವ ಭಯವಿಲ್ಲ.

ಇನ್ನು ತಳವಾರ. ಅವನ ಹೆಸರು ಗ್ನೋಮ್ ಸೆಟಿಂಗ್ಸ್ ಡೀಮನ್. ಡೀಮನ್ ಎಂದೊಡನೆ ಪಿಶಾಚಿಯೆಂದು ಬೆದರಬೇಡಿ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1963ರ ಸುಮಾರಿಗೆ ಫರ್ನಾಂಡೊ ಕಾರ್ಬಟೊ ಅವರೂ ಅವರ ಸಂಗಡಿಗರೂ, ಯಾರೂ ಕರೆಯದೆ ಹಿಂದಿನಿಂದ ದುಡಿಯುವ ಕ್ರಮವಿಧಿಗಳಿಗೆ ಈ ಹೆಸರನ್ನು ಬಳಸಿದರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಒಂದು ಪುಟ್ಟ ಜೀವಿಯನ್ನು ಕಲ್ಪಿಸಿಕೊಂಡಿದ್ದರು. ಬಾಗಿಲ ಬಳಿ ಕುಳಿತು, ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದವನ್ನು ಇನ್ನೊಂದು ಕಡೆಗೂ ಬಿಡುವುದೇ ಅದರ ಕೆಲಸ. ಆ ಕಲ್ಪನೆಯಿಂದ ಬಂದ ಹೆಸರು ಇದು.

ಈ ತಳವಾರನು ಒಬ್ಬನೆ ಅಲ್ಲ, ಅವನದೊಂದು ತಂಡ. ಮೊದಲು ಎಲ್ಲರೂ ಒಂದೇ ಕ್ರಮವಿಧಿಯೊಳಗೆ ಒಕ್ಕೂಡಿ ಇದ್ದರು. 2017ರ ಆವೃತ್ತಿಯಿಂದ ಬೇರೆಬೇರೆಯಾಗಿದ್ದಾರೆ. ಹೀಗಾಗಿ ಒಬ್ಬನು ಮುಗ್ಗರಿಸಿದರೆ ಉಳಿದವರೂ ಕೂಡ ಬೀಳಬೇಕಾಗಿಲ್ಲ. ಒಬ್ಬನು ವಿದ್ಯುತ್ತನ್ನು ನೋಡಿಕೊಂಡು, ನೀವು ಎದ್ದುಹೋದಾಗ ಪರದೆಯನ್ನು ಮಂಕು ಮಾಡುತ್ತಾನೆ. ಇನ್ನೊಬ್ಬನು ಧ್ವನಿಯನ್ನು ಏರಿಸುವ ಇಳಿಸುವ ಗುಂಡಿಗಳಿಗೆ ಕಿವಿಗೊಟ್ಟಿರುತ್ತಾನೆ. ಮತ್ತೊಬ್ಬನು ಸೂರ್ಯಾಸ್ತವಾದ ಮೇಲೆ ಪರದೆಗೆ ಬೆಚ್ಚನೆಯ ಹಳದಿ ಛಾಯೆ ತರುತ್ತಾನೆ. ತಟ್ಟೆಯಲ್ಲಿ ಜಾಗ ಮುಗಿಯುತ್ತ ಬಂದರೆ ಎಚ್ಚರಿಕೆ ಕೊಡುವ ಉಗ್ರಾಣಿಯೂ ಒಬ್ಬನಿದ್ದಾನೆ. ಇವರ ನಡುವೆ ಸುದ್ದಿ ಒಯ್ಯುವ ಓಲೆಕಾರನಿಗೆ ಡಿ-ಬಸ್ ಎಂದು ಹೆಸರು. ಗ್ನೋಮಿನಲ್ಲಿ ಮಾತ್ರವೇ ಹೀಗೆಂದಲ್ಲ. ಎಕ್ಸ್‌ಎಫ್‌ಸಿಇ, ಕೆಡಿಇ, ಮಾಟೆ ಎಂಬ ಬೇರೆ ಡೆಸ್ಕ್‌ಟಾಪುಗಳಲ್ಲಿಯೂ ಇಂಥ ಸೇವಕರೇ ಬೇರೆ ಹೆಸರುಗಳಿಂದ ದುಡಿಯುತ್ತಾರೆ.

ಈಗ ನನ್ನ ತಾಯಿಯವರ ಅಕ್ಷರಕ್ಕೆ ಬರೋಣ. ಗ್ನೋಮಿನ ‘ದೊಡ್ಡ ಅಕ್ಷರ’ವೆಂಬ ಗುಂಡಿಯನ್ನು ಒತ್ತಿದರೆ ಖಿರ್ದಿಯಲ್ಲಿ 1.25 ಎಂದು ದಾಖಲಾಗುತ್ತದೆ. ಎಂದರೆ ಒಂದೂಕಾಲು ಪಟ್ಟು. ಎಕ್ಸ್ ಎಂಬ ಹಳೆಯ ಚಿತ್ರವ್ಯವಸ್ಥೆಯಲ್ಲಿ ಒಂದು ಅಂಗುಲಕ್ಕೆ 96 ಚುಕ್ಕೆ ಎಂಬುದು ವಾಡಿಕೆಯ ಲೆಕ್ಕ. ಎಕ್ಸ್‌ಸೆಟಿಂಗ್ಸ್ ಎಂಬ ಸೇವಕನು ಖಿರ್ದಿಯನ್ನು ನೋಡಿ, 96ನ್ನು ಒಂದೂಕಾಲರಿಂದ ಗುಣಿಸಿ, “120, 120” ಎಂದು ಸಾರುತ್ತಾನೆ. ತೆರೆದಿರುವ ಕಿಟಕಿಗಳೆಲ್ಲ ಕೇಳಿ ಆ ಕ್ಷಣವೇ ಅಕ್ಷರವನ್ನು ಹಿಗ್ಗಿಸಿಕೊಳ್ಳುತ್ತವೆ. ನಾನು ಊಟ ಹಾಕುವುದಿಲ್ಲವೆಂದು ಕಳುಹಿಸಿಬಿಟ್ಟಿದ್ದು ಇವನನ್ನೇ. ಖಿರ್ದಿಯನ್ನು ತೆರೆಸಿ ನೋಡಿದರೆ 1.25 ಇದ್ದ ಹಾಗೆಯೇ ಇತ್ತು. ಬರೆದುದು ಸರಿ, ಸಾರುವವನಿಲ್ಲ. ಕಿಟಕಿಗಳು ತಮಗೆ ಹುಟ್ಟಿನಿಂದ ಗೊತ್ತಿದ್ದ ಸಣ್ಣ ಅಳತೆಗೇ ಹಿಂದಿರುಗಿದ್ದವು.

ಪರಿಹಾರ ಕಷ್ಟವಾಗಲಿಲ್ಲ. ಹಗುರವಾದ ಏರ್ಪಾಡಿಗೆಂದೇ ಎಕ್ಸ್‌ಸೆಟಿಂಗ್ಸ್‌ಡಿ ಎಂಬ ಪುಟ್ಟ ಸೇವಕನಿದ್ದಾನೆ. ಅವನಿಗೆ ಅಳತೆಯನ್ನು ಚುಕ್ಕೆಯ 1024ನೆಯ ಒಂದು ಪಾಲಿನ ಲೆಕ್ಕದಲ್ಲಿ ಹೇಳಬೇಕು. 120ನ್ನು 1024ರಿಂದ ಗುಣಿಸಿ 1,22,880 ಎಂದು ಒಂದು ಸಾಲು ಬರೆದಿಟ್ಟೆ. ಯಂತ್ರಕ್ಕೆ ಪ್ರವೇಶಿಸಿದೊಡನೆ ಅವನೂ ಎದ್ದು ಕೆಲಸಕ್ಕೆ ಬರುವಂತೆ ಗೊತ್ತುಮಾಡಿದೆ. ವೇಲ್ಯಾಂಡ್ ಎಂಬ ಹೊಸ ಚಿತ್ರವ್ಯವಸ್ಥೆಯಲ್ಲಿ ಅನೇಕ ಕ್ರಮವಿಧಿಗಳು ಖಿರ್ದಿಯನ್ನು ತಾವೇ ಓದಿಕೊಳ್ಳುತ್ತವೆ. ಆದರೂ ಉಳಿದ ಸೇವಕರ ಅಗತ್ಯ ಅಲ್ಲಿಯೂ ತಪ್ಪಿಲ್ಲ.

ನಿಮ್ಮ ಮನೆಯಲ್ಲಿಯೂ ಇಂಥ ಯಂತ್ರವಿದ್ದರೆ ಎರಡು ಮಾತು ನೆನಪಿರಲಿ. ನೀವು ಮಾಡಿದ ಏರ್ಪಾಡು ಫಲಿಸದಿದ್ದರೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ: ದಾಖಲೆ ಸರಿಯಾಗಿದೆಯೆ? ಸಾರುವವನು ಇದ್ದಾನೆಯೆ? ಮೊದಲನೆಯದಕ್ಕೆ ಜಿಸೆಟಿಂಗ್ಸ್ ಎಂಬ ಆಜ್ಞೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಓಡುತ್ತಿರುವ ಕ್ರಮವಿಧಿಗಳ ಪಟ್ಟಿಯೇ ಸಾಕು. ಇನ್ನೊಂದು: ಆ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡಿತೆಂದು ಅದನ್ನು ಕೂಡಲೇ ಹೊರಗೆ ಹಾಕಬೇಡಿ. ಅದು ಯಾರ ಪರವಾಗಿ ದುಡಿಯುತ್ತಿದೆ ಎಂಬುದನ್ನು ವಿಚಾರಿಸಿ.

ನಾನು ವಿಚಾರಿಸಲಿಲ್ಲ. ಅದರ ಫಲವಾಗಿ, ಮುಪ್ಪಿನಲ್ಲಿ ಒಬ್ಬರು ನಾಲ್ಕು ದಿನ ತಮ್ಮ ಕಣ್ಣನ್ನೇ ಶಂಕಿಸುತ್ತ ಕುಳಿತಿದ್ದರು. ಯಂತ್ರವನ್ನು ಶಂಕಿಸುವುದು ಅವರಿಗೆ ತೋಚಲೇ ಇಲ್ಲ, ಮಗನನ್ನಂತೂ ಶಂಕಿಸಲಿಲ್ಲ. ಅಕ್ಷರ ಮತ್ತೆ ದಪ್ಪನಾದ ಸಂಜೆ, ಮೊಮ್ಮಗಳ ಪತ್ರವನ್ನು ಎರಡು ಸಲ ಓದಿ, “ಡಾಕ್ಟರ ಬಳಿಗೆ ಬೇಡ ಬಿಡು” ಎಂದರು.