ಫೀಸಿಗೆ ಹೆದರಿ ಹಕ್ಕು ಬಿಡಬೇಡಿರಿ
(ನೀಲಗಿರಿಯ ತೋಟ ಕಾರ್ಮಿಕರ ಕೂಟದಲ್ಲಿ ಆಡಿದ ಮಾತುಗಳು)



“ಕೋರ್ಟು ಕಚೇರಿ ಉಳ್ಳವರಿಗೆ, ನಮಗಲ್ಲ” ಎಂಬ ಮಾತು ನಮ್ಮ ಲೈನ್ ಮನೆಗಳಲ್ಲಿ ರೂಢಿಯಾಗಿದೆ. ಅದಕ್ಕೆ ಕಾರಣವಿಲ್ಲದಿಲ್ಲ. ಊಟಿಗೋ ಗೂಡಲೂರಿಗೋ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ವಕೀಲರ ಮುಂದೆ ಕುಳಿತರೆ ಫೀಸಿನ ಮಾತು. ಕಾಗದವೋ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಕೊನೆಗೆ ಕೊಟ್ಟಷ್ಟು ಸಾಕೆಂದು ಹೆಬ್ಬೆಟ್ಟು ಒತ್ತಿ ಬರುತ್ತೇವೆ.

ಹಾಗೆ ಬಿಟ್ಟುಬಂದದ್ದು ಎಷ್ಟೆಂದು ಲೆಕ್ಕ ಹಾಕಿರಿ. ಗ್ರಾಚುಯಿಟಿ ಎಂದರೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಕೂಲಿ. 20 ವರ್ಷ ಚಹಾ ಎಲೆ ಕಿತ್ತ ತಾಯಿಗೆ 300 ದಿನದ ಕೂಲಿ ಬರಬೇಕು. ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಕೊಡಬೇಕು. ಕೆಲಸ ಮುಗಿದ ಮೇಲೆ ಲೈನ್ ಮನೆಯನ್ನೂ ಬಿಡಬೇಕಾದ ನಮಗೆ ಅದು ಮುಪ್ಪಿನ ಅನ್ನ. ಅದನ್ನು ಬಿಡುವುದು ದೊಡ್ಡತನವಲ್ಲ.

ಹಣವಿಲ್ಲವೆಂದು ಯಾರಿಗೂ ನ್ಯಾಯ ತಪ್ಪಬಾರದೆಂದು 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿದರು. 1979ರಲ್ಲಿ, ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಬಡವರ ಮೊಕದ್ದಮೆಯಲ್ಲಿ, ಉಚಿತ ಕಾನೂನು ನೆರವು ಆರೋಪಿಯ ಹಕ್ಕೆಂದು ಸುಪ್ರೀಂ ಕೋರ್ಟು ಹೇಳಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂತು.

ಆ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು – ಇವರಿಗೆ ಆದಾಯದ ಮಿತಿಯೇ ಇಲ್ಲ. ನಮ್ಮಲ್ಲಿ ಇದರ ಹೊರಗೆ ಉಳಿಯುವವರು ಎಷ್ಟು ಮಂದಿ? ವ್ಯಾಜ್ಯದಲ್ಲಿ ಮೇಲ್ನೋಟಕ್ಕಾದರೂ ಹುರುಳಿರಬೇಕು, ಅಷ್ಟೇ. ವಕೀಲರ ಫೀಸು, ಕೋರ್ಟು ಶುಲ್ಕ, ಕಾಗದಗಳ ಅನುವಾದದ ಖರ್ಚು ಕೂಡ ಈ ನೆರವಿನಲ್ಲಿ ಸೇರುತ್ತದೆ. ಕೋರ್ಟಿನಲ್ಲಿ ಮಾತ್ರವಲ್ಲ, ಕಾರ್ಮಿಕ ಅಧಿಕಾರಿಯ ಮುಂದಿನ ವಿಚಾರಣೆಗೂ ಕೇಳಬಹುದು.

ಕೇಳುವುದು ಕಷ್ಟವಲ್ಲ. ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿರಿ. ಬರೆಯಲು ಬಾರದಿದ್ದರೆ ನಿಮ್ಮ ಹೇಳಿಕೆಯನ್ನು ಅವರೇ ಬರೆದುಕೊಂಡು ಹೆಬ್ಬೆಟ್ಟು ಪಡೆಯಬೇಕು. 15100ಕ್ಕೆ ಫೋನು ಮಾಡಿಯೂ ಕೇಳಬಹುದು.

ಒಂದು ಎಚ್ಚರಿಕೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ರಾಜಿಯ ಕಾಗದವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿ ಕೇಳದೆ ರುಜು ಹಾಕಬೇಡಿರಿ. ಒಪ್ಪಿಗೆಯಿಲ್ಲದಿದ್ದರೆ ಒಲ್ಲೆವೆನ್ನಲು ನಿಮಗೆ ಅಧಿಕಾರವಿದೆ.

ಆದರೆ ಕಾಯಿದೆ ತಾನಾಗಿ ಬೆಟ್ಟ ಹತ್ತಿ ನಮ್ಮ ಬಾಗಿಲಿಗೆ ಬಾರದು. ಅದನ್ನು ನಾವೇ ಕರೆತರಬೇಕು. ಪ್ರತಿ ಲೈನಿನಲ್ಲೂ ಕನ್ನಡವನ್ನೂ ತಮಿಳನ್ನೂ ಓದಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಮುಂದೆ ಬರಲಿ. ಸಂಬಳ ಚೀಟಿ, ಪಿ.ಎಫ್. ಕಾಗದ, ಕೆಲಸಕ್ಕೆ ಸೇರಿದ ದಿನದ ದಾಖಲೆ ಇವುಗಳನ್ನು ಒಂದೇ ಚೀಲದಲ್ಲಿ ಜೋಪಾನ ಮಾಡಿರಿ. ಅಕ್ಷರ ಬಾರದ ನೆರೆಯವರೊಡನೆ ಕಚೇರಿಯ ತನಕ ನಡೆಯಿರಿ. ಒಬ್ಬರೇ ಹೋದರೆ “ನಾಳೆ ಬಾ” ಎನ್ನುವವರು ಇಬ್ಬರು ಹೋದಾಗ ಕುರ್ಚಿ ತೋರಿಸುವುದನ್ನು ನಾವು ಕಂಡಿದ್ದೇವೆ.