ಗಣಕದ ಅಟ್ಟ

ಕೊಣ್ಣೂರಿನ ನಮ್ಮ ಮನೆಯಲ್ಲಿ ಹಳೆಯದೊಂದು ಗಣಕಯಂತ್ರವಿದೆ. ಬೆಳಿಗ್ಗೆ ಅದರ ಗುಂಡಿ ಒತ್ತಿ, ಸ್ನಾನ ಮುಗಿಸಿ, ಚಹಾ ಕುಡಿದು ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ಮುಪ್ಪಡರಿತೆಂದು ನಾನು ಸುಮ್ಮನಿದ್ದೆ. ಅಜೀರ್ಣವೆಂದು ರೋಗನಿದಾನ ಮಾಡಿದವನು ನನ್ನ ಅಣ್ಣನ ಮಗ. “ಕಾಕಾ, ಇದರ ಹೊಟ್ಟಿ ತುಂಬೇತ್ರಿ. ಸ್ವಚ್ಛ ಮಾಡಬೇಕು” ಎಂದ.

ಆ ಹೊಟ್ಟೆಯ ಹೆಸರು ಹಾರ್ಡ್ ಡಿಸ್ಕ್. ಅದರೊಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳು ತಿರುಗುತ್ತಿರುತ್ತವೆ. ನಮ್ಮ ಯಂತ್ರದಲ್ಲಿ ನಿಮಿಷಕ್ಕೆ 5400 ಸುತ್ತು. ಬಿಲ್ಲೆಯ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಒಂದು ಪುಟ್ಟ ಓದುಮುಳ್ಳು ಅತ್ತಿತ್ತ ಸರಿದಾಡುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಇಂಥ ಮೊದಲ ಯಂತ್ರವನ್ನು ಹೊರತಂದಾಗ ಎರಡಡಿ ಅಗಲದ 50 ಬಿಲ್ಲೆಗಳು ಸೇರಿ ಹಿಡಿದಿಡುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ.

ನಮ್ಮ ತಂದೆಯವರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದವರು. ಎಳೆ ಕಡಿದಾಗಲೆಲ್ಲ ಕೈ ನಿಲ್ಲಿಸಿ ಜೋಡಿಸಬೇಕು. ಕೆಲಸ ಕೆಡುವುದು ಅಲ್ಲಿಯೇ ಎನ್ನುತ್ತಿದ್ದರು. ಬಿಲ್ಲೆಯ ಮೇಲಿನ ಬರಹದ ಗತಿಯೂ ಇಂಥದೇ. ಜಾಗ ಧಾರಾಳವಾಗಿದ್ದಾಗ ಒಂದು ಕಡತ ಅಖಂಡವಾಗಿ ಕೂರುತ್ತದೆ. ತುಂಬುತ್ತ ಬಂದಂತೆ ತೆರವಾದ ಸಣ್ಣಸಣ್ಣ ಸಂದುಗಳಲ್ಲಿ ಚೂರುಚೂರಾಗಿ ನೆಲೆ ಹುಡುಕುತ್ತದೆ. ಮುಳ್ಳು ಒಂದು ಚೂರಿನಿಂದ ಇನ್ನೊಂದಕ್ಕೆ ಸರಿದು, ಬಿಲ್ಲೆ ತಿರುಗಿ ಬರುವವರೆಗೆ ಕಾಯಲು ಸೆಕೆಂಡಿನ ನೂರನೆಯ ಒಂದೂವರೆ ಪಾಲು ಬೇಕೆನ್ನಿ. ಕೇಳಲು ಅಲ್ಪ, ಆದರೆ ಕಡತ 200 ಚೂರಾಗಿದ್ದರೆ ಮೂರು ಸೆಕೆಂಡುಗಳು ಬರಿಯ ಓಡಾಟಕ್ಕೇ ಸಂದವು. ಯಂತ್ರ ಏಳುವಾಗ ತೆರೆಯುವ ಕಡತಗಳಾದರೋ ಸಾವಿರಾರು.

ಹುಡುಗ ಮೊದಲು ಕಸ ತೆಗೆದ. ಅಂತರ್ಜಾಲದಿಂದ ಇಳಿದು ಉಳಿದ ತಾತ್ಕಾಲಿಕ ಕಡತಗಳು, ಎರಡೆರಡು ಸಲ ಸೇರಿಕೊಂಡ ಮದುವೆಯ ಚಿತ್ರಗಳು, ಬುಟ್ಟಿಗೆ ಹಾಕಿ ಮರೆತವು ಎಲ್ಲ ಹೋದವು. ಕರೆಯದೆ ಬೆಳಿಗ್ಗೆಯೇ ಬಂದು ಕೂರುವ ತಂತ್ರಾಂಶಗಳನ್ನು ತಡೆದ. ನನ್ನ ಮಟ್ಟಿಗೆ ಹೆಚ್ಚಿನ ಗುಣ ಕಂಡದ್ದು ಇದರಿಂದಲೇ. ಆಮೇಲೆ ಚೂರುಗಳನ್ನು ಜೋಡಿಸುವ ಕೆಲಸ ರಾತ್ರಿಯಿಡೀ ನಡೆಯಿತು.

ಮರುದಿನ ಯಂತ್ರ ಚುರುಕಾಗಿತ್ತು. ನಾನು ಹಿಗ್ಗಿನಿಂದ ತಂದೆಯವರ ‘ಪಾರಿಜಾತ’ದ ಕಡತ ತೆರೆದೆ. ಕನ್ನಡದ ಒಂದು ಅಕ್ಷರವೂ ಇಲ್ಲ! ಇಂಗ್ಲಿಷಿನ ಒಡ್ಡೊಡ್ಡ ಅಕ್ಷರಗಳು, ಚುಕ್ಕೆ, ಆವರಣ, ಹಣದ ಗುರುತುಗಳು.

ಇಲ್ಲಿ ಒಂದು ಮಾತು ಹೇಳಬೇಕು. ಶ್ರೀಕೃಷ್ಣ ಪಾರಿಜಾತವೆಂದರೆ ನಮ್ಮ ಸೀಮೆಗೆ ಕುಲಗೋಡ ತಮ್ಮಣ್ಣನ ನೆನಪು. ಆ ಕುಲಗೋಡ ಈಗ ಮೂಡಲಗಿ ತಾಲೂಕಿನಲ್ಲಿದೆ. ರಾತ್ರಿಪಾಳಿ ಇಲ್ಲದ ದಿನ ತಂದೆಯವರು ಆಟ ನೋಡಿ ಬಂದು, ಮೇಳದವರ ಬಾಯಿಂದ ಕೇಳಿದ ಪದಗಳನ್ನು ನಾಲ್ಕು ವಹಿಗಳಲ್ಲಿ ಬರೆದಿಟ್ಟಿದ್ದರು. 2005ರಲ್ಲಿ ಅವನ್ನು ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದೆ. ವಹಿಗಳು ಗೋಕಾಕದ ಅಕ್ಕನ ಮನೆಯಲ್ಲಿದ್ದವು. 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದಾಗ ಅವು ನೀರಿನ ಪಾಲಾದವು. ಉಳಿದಿದ್ದುದು ಆ ಒಂದು ಕಡತ.

ಹುಡುಗನ ಮುಖ ಬಿಳಿಚಿತು. “ಯಾರೂ ಬಳಸದ ಫಾಂಟು ಅಂತ ತಗದೇನ್ರಿ ಕಾಕಾ” ಎಂದ. ಬೈಯಲು ನನಗೆ ಬಾಯಿ ಬರಲಿಲ್ಲ. ಹೂಂ ಅಂದವನು ನಾನೇ.

ಆದದ್ದಿಷ್ಟು. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇದ್ದರೆ ಕನ್ನಡ. ಹೋದರೆ ಮನೆಯ ಹಳೆಯ ಒಡೆಯರೇ ಹೊರಬರುತ್ತಾರೆ. ಕನ್ನಡಕ್ಕೆ ಸ್ವಂತ ಮನೆಗಳು ಯುನಿಕೋಡಿನಲ್ಲಿ 1991ರಲ್ಲಿಯೇ ದೊರೆತಿದ್ದರೂ ನಮ್ಮ ಕಚೇರಿ, ಮುದ್ರಣಾಲಯಗಳು ಬಹುಕಾಲ ಹಳೆಯ ಬಿಡಾರದಲ್ಲಿಯೇ ಉಳಿದವು. ಕಡತಕ್ಕೆ ಏನೂ ಆಗಿರಲಿಲ್ಲ. ಫಾಂಟನ್ನು ಮರಳಿ ಸ್ಥಾಪಿಸಿದೊಡನೆ ರುಕ್ಮಿಣಿ, ಸತ್ಯಭಾಮೆಯರು ಮೊದಲಿನಂತೆ ಮಾತನಾಡಿದರು.

ಆದ್ದರಿಂದ ಗಣಕದ ಅಟ್ಟಕ್ಕೆ ಏಣಿ ಹಾಕುವವರು ಮೊದಲು ಬೇಕಾದುದರ ಪ್ರತಿಯನ್ನು ಬೇರೆಡೆ ತೆಗೆದಿಡಲಿ. ಬಿಲ್ಲೆ ಕಟಕಟ ಸದ್ದು ಮಾಡುತ್ತಿದ್ದರಂತೂ ಚೂರು ಜೋಡಿಸುವ ಗೋಜಿಗೆ ಹೋಗಬಾರದು. ಅದು ಸಾಯುವ ಸೂಚನೆ. ಈಗ ಬಳಕೆಯಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿ ಚೂರುಗಳಿದ್ದರೂ ಓಡಾಟದ ದಣಿವಿಲ್ಲ. ಬರೆಯುವ ಸಲಗಳಿಗೆ ಮಾತ್ರ ಮಿತಿಯಿದೆ, ಜೋಡಣೆಯಿಂದ ಅದು ವ್ಯರ್ಥ ಸವೆಯುತ್ತದೆ. ಹಳೆಯ ಯಂತ್ರಕ್ಕೆ ಅದನ್ನು ಹಾಕಿಸಿದರೆ ಆಗುವ ಗುಣ ಯಾವ ಗುಡಿಸುವಿಕೆಯಿಂದಲೂ ಆಗದು. ನಾನೂ ಕೊನೆಗೆ ಹಾಕಿಸಿದೆ.

ಪಾರಿಜಾತವನ್ನು ಹುಡುಗನೇ ಯುನಿಕೋಡಿಗೆ ತಿರುಗಿಸಿದ. ತಿರುಗಿಸುವಾಗ ಅರ್ಕಾವೊತ್ತುಗಳು ಕೆಲವೆಡೆ ಸ್ಥಳ ತಪ್ಪಿವೆ. ಸಂಜೆ ಅವನು ಓದುತ್ತಾನೆ, ನಾನು ತಿದ್ದುತ್ತೇನೆ. ಎರಡನೆಯ ವಹಿಯ ನಡುವಿಗೆ ಬಂದಿದ್ದೇವೆ.