ಅಚ್ಚಿಗೆ ಮುಂಚೆ ಅರ್ಜಿ



ನಾನು ಪಿಯುಸಿ ಓದಿ ಪ್ರೆಸ್ ಇಟ್ಟವನು. ಕಾನೂನು ಓದಿದವನಲ್ಲ. ಆದರೆ ಅಚ್ಚಾದ ಒಂದು ಹಾಳೆಗೆ ಎಷ್ಟು ಬಲ ಇದೆ ಎಂಬುದನ್ನು ಬಲ್ಲೆ.

ಅರಿಶಿನದ ಕಥೆ ಕೇಳಿ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಅದಕ್ಕೇ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು! ಮಾಶೇಲ್ಕರ್ ಅವರು ಮುಖ್ಯಸ್ಥರಾಗಿದ್ದ ನಮ್ಮ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಅಜ್ಜಿಯ ಬಾಯಿಮಾತು ಅಲ್ಲಿ ನಡೆಯುವುದಿಲ್ಲ, ಬರಹದ ಪುರಾವೆ ಬೇಕು. ಸಂಸ್ಕೃತ ಗ್ರಂಥವನ್ನೂ, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಆದರೆ ಎಚ್ಚರ! ಇದೇ ಬೇಲಿ ಎದ್ದು ನಿಮ್ಮ ಹೊಲವನ್ನೂ ಮೇಯಬಹುದು. ಪೇಟೆಂಟ್ ಸಿಗುವುದು ಹೊಸದಕ್ಕೆ ಮಾತ್ರ. ನಿಮ್ಮ ಕಾಲೇಜಿನ ಸಂಶೋಧನೆ ಅರ್ಜಿಗೆ ಮೊದಲೇ ಪತ್ರಿಕೆಯಲ್ಲಿ ಅಚ್ಚಾದರೆ ಅದು ಹಳೆಯದಾಯಿತೆಂದೇ ಲೆಕ್ಕ. ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ ನಮ್ಮ ಕಾನೂನು 12 ತಿಂಗಳ ವಿನಾಯಿತಿ ಕೊಡುತ್ತದೆ, ನಿಜ. ಎಲ್ಲ ದೇಶಗಳೂ ಕೊಡುವುದಿಲ್ಲ. ಆದ್ದರಿಂದ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ ತಾರೀಖು ಹಿಡಿಯಿರಿ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಮಯವಿದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80 ಕಡಿತವಿದೆ. ಸಿಗುವ ಹಕ್ಕು 20 ವರ್ಷದ್ದು. ಆ ಹಕ್ಕು ಕಾಲೇಜಿನದೋ ನಿಮ್ಮದೋ, ಬಂದ ಹಣದಲ್ಲಿ ನಿಮ್ಮ ಪಾಲೆಷ್ಟು ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಿ.

ವಿದ್ಯೆಯನ್ನು ಮಾರಬಹುದೇ ಎಂದು ಕೇಳುವವರಿದ್ದಾರೆ. ಕೆನಡಾದಲ್ಲಿ ಇನ್ಸುಲಿನ್ ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಬೇರೆ ಯಾರೂ ಅದನ್ನು ತಮ್ಮೊಬ್ಬರದೇ ಮಾಡಿಕೊಳ್ಳದಿರಲಿ ಎಂಬುದು ಉದ್ದೇಶ. ವಿಶ್ವವಿದ್ಯಾಲಯ ಕಂಪನಿಗಳಿಗೆ ಪರವಾನಗಿ ಕೊಟ್ಟು ಔಷಧ ತಯಾರಿಸಿತು. ದಾನ ಮಾಡಬೇಕಾದರೂ ವಸ್ತು ಮೊದಲು ನಮ್ಮದಾಗಿರಬೇಕಲ್ಲವೇ?

ಇನ್ನು ನಮ್ಮ ನೋವಿನ ಮಾತು. 2003ರ ಪೇಟೆಂಟ್ ನಿಯಮಗಳ 9ನೇ ನಿಯಮ ಏನು ಹೇಳುತ್ತದೆ? ಕಾಗದಪತ್ರ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಕಂಟ್ರೋಲರ್ ಅನುಮತಿ ಕೊಟ್ಟರಷ್ಟೇ ಬೇರೆ ಭಾಷೆ. ಕರ್ನಾಟಕಕ್ಕೆ ಸೇರಿದ ಪೇಟೆಂಟ್ ಕಚೇರಿ ಇರುವುದು ಚೆನ್ನೈಯಲ್ಲಿ. ಹಳ್ಳಿಯಿಂದ ಬಂದು, ಕನ್ನಡದಲ್ಲಿ ಯೋಚಿಸಿ, ಕೈಯಾರೆ ಯಂತ್ರ ಮಾಡುವ ಡಿಪ್ಲೊಮಾ ಹುಡುಗ ಅರ್ಜಿಯ ಮೊದಲ ಸಾಲಿನಲ್ಲೇ ಎಡವುತ್ತಾನೆ. ಅವನ ತಲೆಗೆ ಬೆಲೆಯಿಲ್ಲವೇ? ಹಿಂದಿಯವನಿಗೆ ಇರುವ ಹಕ್ಕು ಕನ್ನಡಿಗನಿಗೆ ಏಕಿಲ್ಲ?

ಕೇಂದ್ರ ಈ ನಿಯಮ ತಿದ್ದಲಿ. ಕನ್ನಡದ ಅರ್ಜಿಯನ್ನು ಯಾರ ಅನುಮತಿಯೂ ಬೇಡದೆ ಸ್ವೀಕರಿಸಲಿ. ನಮ್ಮ ಪ್ರತಿ ವಿಶ್ವವಿದ್ಯಾಲಯವೂ ಕನ್ನಡ ಬಲ್ಲ ಪೇಟೆಂಟ್ ಸಲಹೆಗಾರರನ್ನು ನೇಮಿಸಲಿ. ಇದನ್ನು ಕೇಳಬೇಕಾದವರು ನೀವು. ನಾಳೆಯೇ ನಿಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ, ನಿಮ್ಮ ಸಂಸದರಿಗೆ ಕನ್ನಡದಲ್ಲೇ ಪತ್ರ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ!